ಮಾವನಿಗೆ ಸ್ಕಿಜೋಫ್ರೇನಿಯಾ, ನಮಗೂ ಬರ್ತದಾ?

ಪ್ರಶ್ನೆ (ಬದಿಯಡ್ಕ): ಡಾಕ್ಟ್ರೇ, ನನಗೆ 24 ವರ್ಷ. ಅಮ್ಮನ ತಮ್ಮನಿಗೆ ಸ್ಕಿಜೋಫ್ರೇನಿಯಾ. ನಾನು ಸಣ್ಣವನಿದ್ದಾಗ ಅವರು ಅಂಗಳದಲ್ಲಿ ಅಡಿಕೆ ಹರಡುತ್ತಾ, ರೇಡಿಯೋದವರು ತನ್ನ ಬಗ್ಗೆಯೇ ಮಾತಾಡ್ತಾರೆ ಅಂತ ಬ್ಯಾಟರಿ ತೆಗೆದು ಬಾವಿಕಟ್ಟೆ ಮೇಲೆ ಸಾಲಾಗಿ ಇಡುತ್ತಿದ್ದರು. ಮೊದಲು ಜೋಯಿಸರಲ್ಲಿ ಕೇಳಿದ್ದು, ನಾಗದೋಷ ಅಂತ ಬಂತು, ಮಂಗಳೂರಿಗೆ ಕರ್ಕೊಂಡು ಹೋಗುವಾಗ ಎರಡು ವರ್ಷ ಕಳೆದಿತ್ತು. ಈಗ ಮಾತ್ರೆಯಲ್ಲಿ ಆರಾಮ ಇದ್ದಾರೆ. ಆದರೆ "ಅವರ ಮನೆಯಲ್ಲಿ ಅದು ಉಂಟಂತೆ" ಅಂತ ಅಕ್ಕನ ಎರಡು ಸಂಬಂಧ ತಪ್ಪಿತು. ಆನ್‌ಲೈನಲ್ಲಿ ಎಂಜಲು ಕಳಿಸಿ ಜೀನ್ ಟೆಸ್ಟ್ ಮಾಡಿಸಬಹುದಂತೆ. ಮಾಡಿಸಲಾ?

ಉತ್ತರ (ಮನೋವೈದ್ಯರು): ದುಡ್ಡು ದಂಡ, ಬೇಡ.

ರಕ್ತದಲ್ಲಿ ಬರುವುದು ಸುಳ್ಳಲ್ಲ. ಆದರೆ ಲೆಕ್ಕ ನೋಡಿ. ಯಾರಿಗೇ ಆದರೂ ಜೀವಮಾನದಲ್ಲಿ ಇದು ಬರುವುದು 100ರಲ್ಲಿ ಸುಮಾರು ಒಬ್ಬರಿಗೆ. ಸೋದರಮಾವನಿಗೆ ಇದ್ದರೆ ಮೂರ್ನಾಲ್ಕು ಜನಕ್ಕೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಹತ್ತರ ಆಸುಪಾಸು. ತದ್ರೂಪಿ ಅವಳಿಗಳಲ್ಲಿ ಒಬ್ಬನಿಗೆ ಇದ್ದರೂ ಇನ್ನೊಬ್ಬನಿಗೆ ಬಂದೇ ಬರ್ತದೆ ಅಂತಿಲ್ಲ, ಜೀನ್ ಪೂರ್ತಿ ಒಂದೇ ಇದ್ದೂ ಅರ್ಧದಷ್ಟು ಜನ ತಪ್ಪಿಸಿಕೊಳ್ಳುತ್ತಾರೆ.

"ಸ್ಕಿಜೋಫ್ರೇನಿಯಾ ಜೀನ್" ಅಂತ ಒಂದು ಇಲ್ಲ. 2022ರಲ್ಲಿ 76,000ಕ್ಕೂ ಜಾಸ್ತಿ ರೋಗಿಗಳ ಡಿಎನ್ಎ ನೋಡಿ, ಅದರಲ್ಲಿ ಈ ಕಾಯಿಲೆಗೆ ನಂಟಿರುವ 287 ಜಾಗ ಗುರುತಿಸಿದರು. ಒಂದೊಂದರದ್ದೂ ಚಿಟಿಕೆಯಷ್ಟು ಪಾಲು, ಅವುಗಳಲ್ಲಿ ಕೆಲವು ನನ್ನಲ್ಲೂ ಇರ್ತವೆ. 2016ರಲ್ಲಿ ಸುದ್ದಿಯಾದದ್ದು ಸಿ4 ಅನ್ನುವ ಜೀನ್. ಹರೆಯದಲ್ಲಿ ಮೆದುಳು ಬೇಡದ ನರಸಂಪರ್ಕಗಳನ್ನು ಸವರಿ ಹಾಕ್ತದೆ, ಸಿ4 ಜೋರಿದ್ದವರಲ್ಲಿ, ಹೊಸ ಆಳು ಸೊಪ್ಪು ಕಡಿಯುವಾಗ ಬೇಕಾದ ಗೆಲ್ಲನ್ನೂ ಕಡಿದ ಹಾಗೆ, ಸ್ವಲ್ಪ ಜಾಸ್ತಿಯೇ ಸವರಿ ಹೋಗ್ತದೆ ಅಂತ ಅಂದಾಜು.

ಎಂಜಲು ಟೆಸ್ಟಿನವರು ಈ ಚಿಟಿಕೆಗಳನ್ನೇ ಕೂಡಿಸಿ ಒಂದು ಅಂಕಿ ಕೊಡುವುದು. ಆ ಲೆಕ್ಕಕ್ಕೆ ಆಧಾರ ಬಹುಪಾಲು ಯುರೋಪ್ ಮೂಲದವರ ಡಿಎನ್ಎ, ಬದಿಯಡ್ಕದವರಿಗೆ ಅದು ಸರಿಯಾಗಿ ಹೊಂದುವುದೂ ಇಲ್ಲ. 22ನೇ ಕ್ರೋಮೋಸೋಮಿನ ತುಂಡು ಬಿಟ್ಟುಹೋದವರ ಕತೆ ಬೇರೆ, ಅವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇಂಥ ಕಾಯಿಲೆ ಬರ್ತದೆ. ಆದರೆ ಅಂಥವರಿಗೆ ಹುಟ್ಟಿನಿಂದಲೇ ಹೃದಯದ್ದೋ ಅಂಗುಳಿನದ್ದೋ ತೊಂದರೆ ಇರುವುದು ಜಾಸ್ತಿ.

ಗಂಡಿನ ಕಡೆಯವರು ಕೇಳಿದರೆ ಮುಚ್ಚಿಡಬೇಡಿ. ಈ ಲೆಕ್ಕವನ್ನೇ ಹೇಳಿ.

ಕಾಮೆಂಟ್ (ಉಪ್ಪಳ): ಹಾಗಾದರೆ ಮಾಡುವುದು ಏನೂ ಇಲ್ವಾ ಡಾಕ್ಟ್ರೇ, ಸುಮ್ನೆ ಕೂರುವುದಾ?

ಉತ್ತರ: ಗಾಂಜಾ ಮುಟ್ಟಬೇಡಿ. ಮನೆಯಲ್ಲಿ ಕಾಯಿಲೆ ಇರುವವರಂತೂ ಫ್ರೆಂಡ್ಸ್ ಜೊತೆ ಒಂದು ದಂ ಅಂತಲೂ ಬೇಡ. ಜೀನ್ ಬದಲಾಯಿಸಲಿಕ್ಕೆ ಆಗುವುದಿಲ್ಲ, ಇದು ಆಗ್ತದೆ ಅಲ್ವಾ. ಮತ್ತೆ ಹುಡುಗ ವಾರಗಟ್ಟಲೆ ನಿದ್ದೆ ಬಿಟ್ಟು, ಬಾಗಿಲು ಹಾಕಿಕೊಂಡು, ಎಲ್ಲರ ಮೇಲೂ ಸಂಶಯ ಶುರು ಮಾಡಿದರೆ ಎರಡು ವರ್ಷ ಕಾಯಬೇಡಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ. ಕನ್ನಡ, ಮಲಯಾಳ ಎರಡರಲ್ಲೂ ಮಾತಾಡಬಹುದು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ. ಮಾವನಿಗೂ ಓದಿ ಹೇಳಿದೆ. ಆರಾಮ ಇದ್ದೇನಲ್ಲ, ಮಾತ್ರೆ ಬಿಡಬಹುದಾ ಅಂತ ಕೇಳ್ತಿದ್ದಾರೆ.

ಉತ್ತರ: ಆರಾಮ ಇರುವುದೇ ಮಾತ್ರೆಯಿಂದ. ಅವರ ಡಾಕ್ಟರ ಹತ್ತಿರ ಕೇಳದೆ ಅರ್ಧ ಮಾತ್ರೆಯನ್ನೂ ಕಡಿಮೆ ಮಾಡಬಾರದು ಅಂತ ಹೇಳಿ.