ಬಿಎನ್‌ವೈಎಸ್ ಆದ ಮೇಲೆ ಹುಬ್ಬಳ್ಳಿಯಲ್ಲಿ ಕ್ಲಿನಿಕ್: ಕೆಎಯುಪಿ ನಂಬರ್ ಒಂದೇ ಸಾಕಾ?

ವಿದ್ಯಾನಗರ_ನೆಲಮಹಡಿ:
ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಮುಗಿದಿದೆ, ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಬಂದಿದೆ, ವೈದ್ಯರ ಹೆಸರು ನೋಂದಾಯಿಸುವ ಕೆಎಯುಪಿ ಬೋರ್ಡಿಗೆ (ಕರ್ನಾಟಕ ಆಯುರ್ವೇದ, ಯುನಾನಿ ವೈದ್ಯರ ಮಂಡಳಿ) ಅರ್ಜಿ ಹಾಕಬೇಕು. ಹುಬ್ಬಳ್ಳಿಯಲ್ಲಿ ಸದ್ಯಕ್ಕೆ ಹೊರರೋಗಿಗಳಿಗಷ್ಟೇ ಕ್ಲಿನಿಕ್, ಮುಂದೆ ನಾಲ್ಕು ಹಾಸಿಗೆ. ವಾರಕ್ಕೆ ಎರಡು ದಿನ ಗದಗಿನಲ್ಲೂ ಕೂರುವ ವಿಚಾರವಿದೆ. ಜೊತೆಗಿರುವ ಇನ್ನೊಬ್ಬ ಡಾಕ್ಟರ್ ತಮಿಳುನಾಡಿನಲ್ಲಿ ಓದಿ ಅಲ್ಲೇ ನೋಂದಣಿ ಮಾಡಿಸಿದವರು. ಬೋರ್ಡಿನ ನಂಬರ್ ಬಂದರೆ ಬಾಗಿಲು ತೆಗೆಯಬಹುದೋ, ಇನ್ನೂ ಏನಾದರೂ ಬೇಕೋ?

ಕಡತ_ಧಾರವಾಡ:
ಬೇಕು. ಬೋರ್ಡಿನ ನೋಂದಣಿ ನಿಮ್ಮದು, ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಜಾಗದ್ದು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಬೀಗ ಬೀಳುತ್ತದೆ.

ಮೊದಲು ನಿಮ್ಮದು. ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸಕರ ಹೆಸರು ದಾಖಲಾಗುವುದು 1961ರ ಕಾಯ್ದೆಯಡಿ, ಬೆಂಗಳೂರಿನ ಕೆಎಯುಪಿ ಬೋರ್ಡಿನಲ್ಲಿ. ಆಯುರ್ವೇದದವರಿಗೆ ರಾಜ್ಯದ ಬೋರ್ಡಿನ ಮೇಲೆ ದಿಲ್ಲಿಯ ಭಾರತೀಯ ವೈದ್ಯ ಪದ್ಧತಿಗಳ ರಾಷ್ಟ್ರೀಯ ಆಯೋಗವೂ ಇದೆ. 2020ರ ಆ ಆಯೋಗದ ಕಾಯ್ದೆಗೆ ಆಯುರ್ವೇದ, ಯುನಾನಿ, ಸಿದ್ಧ, ಸೋವಾ-ರಿಗ್ಪಾ (ಟಿಬೆಟಿನ ವೈದ್ಯ ಪದ್ಧತಿ) ಸೇರಿದವು, ಪ್ರಕೃತಿ ಚಿಕಿತ್ಸೆ ಹೊರಗೇ ಉಳಿಯಿತು. ನಮ್ಮವರಿಗೆ ಇಡೀ ದೇಶಕ್ಕೆ ನಡೆಯುವ ರಿಜಿಸ್ಟರ್ ಇಲ್ಲ. ಹಾಗಾಗಿ ತಮಿಳುನಾಡಿನ ನಂಬರ್ ಇಟ್ಟುಕೊಂಡು ಹುಬ್ಬಳ್ಳಿಯಲ್ಲಿ ರೋಗಿ ನೋಡುವಂತಿಲ್ಲ. ಅಲ್ಲಿಂದ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ತಂದು ಇಲ್ಲಿ ಹೆಸರು ಹಚ್ಚಬೇಕು. ಎನ್‌ಒಸಿಗೆ ಇವತ್ತೇ ಅರ್ಜಿ ಹಾಕಿಸಿ, ಬೇರೆಲ್ಲ ಕಾಗದ ಸಿಕ್ಕ ಮೇಲೂ ಅದಕ್ಕೇ ಕಾಯುತ್ತ ಕೂರಬೇಕಾಗುತ್ತದೆ.

ನಮ್ಮ ಕಡೆಯವರ ಅರ್ಜಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು. ಡಿಗ್ರಿಯಲ್ಲಿ ಅದೇ ತಿರುವುಮುರುವು. ಆಧಾರ್‌ನಲ್ಲಿ ಬರೀ ಇನಿಷಿಯಲ್. ಮೂರನ್ನೂ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ಮೂರೂ ರೂಪ ಬರೆದು, ಮೂರೂ ಒಬ್ಬರದೇ ಎಂದು ನೋಟರಿ ಅಫಿಡವಿಟ್ ಮಾಡಿಸಿ ಅರ್ಜಿಯ ಜೊತೆಗೇ ಕೊಡಿ. ಆಕ್ಷೇಪಣೆ ಬಂದ ಮೇಲೆ ಮಾಡಿಸಿದರೆ ಬೆಂಗಳೂರಿಗೆ ಇನ್ನೊಂದು ರಾತ್ರಿ ಬಸ್ಸು ಖಾಯಂ.

ಇನ್ನು ಜಾಗದ್ದು. 2007ರ ಕೆಪಿಎಂಇ ಕಾಯ್ದೆಯಡಿ ಅರ್ಜಿ ಆನ್‌ಲೈನ್. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರ ಅದನ್ನು ನೋಡುತ್ತದೆ, ಕಡತ ನಡೆಯುವುದು ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ. ಹುಬ್ಬಳ್ಳಿಯದು ಧಾರವಾಡಕ್ಕೆ ಹೋಗುತ್ತದೆ. ಗದಗ 1997ರಿಂದಲೇ ಬೇರೆ ಜಿಲ್ಲೆ, ಅಲ್ಲಿ ವಾರಕ್ಕೆ ಎರಡು ದಿನವಷ್ಟೇ ಕೂತರೂ ಆ ಜಾಗಕ್ಕೆ ಪ್ರತ್ಯೇಕ ನೋಂದಣಿ. ಅಲ್ಲಿ ಈಗಾಗಲೇ ನೋಂದಾಯಿತ ಕ್ಲಿನಿಕ್ಕಿನಲ್ಲಿ ಕೂರುವುದಾದರೆ ಅವರ ವೈದ್ಯರ ಪಟ್ಟಿಗೆ ನಿಮ್ಮ ಹೆಸರು ಸೇರಿಸಿಸಿ.

ಮಣ್ಣುಪಟ್ಟಿ_ಹಾವೇರಿ:
ಕಡತದವ್ರು ಹೇಳಿದ್ದು ಖರೇ. ತಪಾಸಣೆಗೆ ಬಂದಾಗ ಏನ್ ಕೇಳ್ತಾರ ಅನ್ನೋದು ನಾ ಹೇಳ್ತೀನ್ರಿ.

ಮೊದಲ ಕಸ. "ನಮ್ಮಲ್ಲಿ ಇಂಜೆಕ್ಷನ್ ಇಲ್ಲ, ಬಯೋಮೆಡಿಕಲ್ ವೇಸ್ಟ್ ಎಲ್ಲಿಂದ ಬರಬೇಕು" ಅಂತ ಬಾಳ ಮಂದಿ ವಾದಾ ಮಾಡ್ತಾರ. 2016ರ ನಿಯಮದಾಗ ಆಯುಷ್ ಆಸ್ಪತ್ರೆನೂ ಬರ್ತಾವು. ಎನಿಮಾ ಕ್ಯಾಥೆಟರ್, ಟ್ಯೂಬ್ ಕೆಂಪು ಚೀಲಕ್ಕ. ಅಕ್ಯುಪಂಕ್ಚರ್ ಸೂಜಿ, ಶುಗರ್ ನೋಡೋ ಲ್ಯಾನ್ಸೆಟ್ ಬಿಳಿ ಡಬ್ಬಿಗೆ, ಚುಚ್ಚಿದ್ರೂ ತೂತು ಬೀಳಬಾರದಂಥದು. ರಕ್ತ ಹತ್ತಿದ ಅರಳಿ ಹಳದಿ ಚೀಲಕ್ಕ. ಹಾಸಿಗೆ ಇಲ್ಲದ ಕ್ಲಿನಿಕ್ಕಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಒಂದೇ ಸಲ ತಗೊಂಡ್ರ ಆತು. ಮುಂದ ಹಾಸಿಗೆ ಹಾಕಿದ್ರ ಅದನ್ನೂ, ಕೆಪಿಎಂಇಯನ್ನೂ ತಿದ್ದಿಸಬೇಕು. ಸುಮ್ಮನ ನಾಲ್ಕು ಮಂಚ ತಂದು ಹಾಕಿ ರಾತ್ರಿ ಪೇಷಂಟ್ ಇಟ್ಕೊಬ್ಯಾಡ್ರಿ.

ಗಂಡಸರ, ಹೆಂಗಸರ ಟ್ರೀಟ್‌ಮೆಂಟ್ ರೂಮ್ ಬ್ಯಾರೆ ಮಾಡ್ರಿ, ಮಸಾಜಿಗೂ ಅವರವರ ಸಿಬ್ಬಂದಿನೇ ಇರಲಿ. ದರಪಟ್ಟಿ, ಕೆಪಿಎಂಇ ನಂಬರ್ ಒಳಗ ಬಂದ ಕೂಡ್ಲೇ ಕಾಣೋ ಹಂಗ ತೂಗ ಹಾಕ್ರಿ.

ಎಲ್ಲಕ್ಕಿಂತ ಮುಖ್ಯ ಕೇಸ್ ಶೀಟ್. ಉಪವಾಸಕ್ಕ ಕೂಡಸೋ ಮೊದಲ ಪೇಷಂಟ್ ಏನೇನ್ ಗುಳಿಗಿ ತಗೊಳ್ತಾರ ಅಂತ ಹೆಸರು, ಡೋಸ್ ಸಮೇತ ಬರಕೊಳ್ರಿ. ಇನ್ಸುಲಿನ್ ಇಲ್ಲಾ ಗ್ಲಿಮಿಪಿರೈಡ್ ಅನ್ನೋ ಶುಗರ್ ಗುಳಿಗಿ ಮೇಲಿರೋರಿಗೆ ಬರೀ ಲಿಂಬಿಹಣ್ಣಿನ ನೀರು, ಜೇನುತುಪ್ಪ ಕೊಟ್ಟು ಡೋಸ್ ಹಂಗ ಬಿಟ್ರ ಶುಗರ್ ಧಡಕ್ಕನ ಇಳೀತದ. ಇತ್ಲಾಗ ಡೋಸ್ ನಾವ ನಿಲ್ಲಸೂದೂ ತಪ್ಪು, ಅದು ಬರಕೊಟ್ಟ ಫಿಜಿಷಿಯನ್ ಕೆಲಸ. ಅವರ ಚೀಟಿ ಶೀಟಿಗೆ ಪಿನ್ ಮಾಡ್ರಿ. ಫಿಟ್ಸ್ ಗುಳಿಗಿಗೂ ಇದೇ ಮಾತು. ದೂರು ಬಂದ ದಿನ ನಿಮ್ಮ ಕಡೆ ಮಾತಾಡೂದು ಆ ಹಾಳಿ ಒಂದೇ.

ವಿದ್ಯಾನಗರ_ನೆಲಮಹಡಿ:
ಇಬ್ಬರಿಗೂ ಧನ್ಯವಾದ. ಇನ್ನೆರಡು ಇವೆ. ಅಂಚೆ ಮೂಲಕ ಪ್ರಕೃತಿ ಚಿಕಿತ್ಸೆ ಡಿಪ್ಲೊಮಾ ಮಾಡಿದವರೊಬ್ಬರು, ಯೋಗ ಸರ್ಟಿಫಿಕೇಟ್ ಇರುವವರೊಬ್ಬರು ಜೊತೆ ಸೇರುತ್ತೇವೆ ಅನ್ನುತ್ತಿದ್ದಾರೆ. ಅವರು ಸ್ವತಂತ್ರವಾಗಿ ರೋಗಿ ನೋಡಬಹುದಾ? ಮತ್ತೆ, ಕ್ಲಿನಿಕ್ಕಿನ ನಾಮಫಲಕದ ಮೇಲೆ "ಸಕ್ಕರೆ ಕಾಯಿಲೆ ಬುಡಸಮೇತ ಗುಣ" ಎಂದು ಬರೆಸೋಣ ಎಂದು ಮನೆಯವರ ಒತ್ತಾಯ.

ಕಡತ_ಧಾರವಾಡ:
ಡಿಪ್ಲೊಮಾದವರು ನಿಮ್ಮ ಕೈಕೆಳಗೆ ಥೆರಪಿಸ್ಟ್ ಆಗಿ ಇರಲಿ. ಹೆಸರಿನ ಹಿಂದೆ "ಡಾ." ಬೇಡ, ಸೀಲು ಬೇಡ, ಚೀಟಿ ಬರೆಯುವುದು ಬೇಡ. ನಮ್ಮಲ್ಲಿ ನೋಂದಣಿಗೆ ನೋಡುವುದು ಕಾಲೇಜಿನಲ್ಲಿ ಕೂತು ಓದಿದ ಐದೂವರೆ ವರ್ಷದ ಕೋರ್ಸು, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡಿನ ಪ್ರಮಾಣಪತ್ರ ವೈದ್ಯರ ನೋಂದಣಿ ಅಲ್ಲ, ಅದೊಂದನ್ನೇ ಇಟ್ಟುಕೊಂಡು ಸ್ವತಂತ್ರವಾಗಿ ರೋಗಿ ನೋಡುವಂತಿಲ್ಲ.

ನಾಮಫಲಕದ ವಿಷಯದಲ್ಲಿ ಮನೆಯವರ ಮಾತು ಕೇಳಬೇಡಿ. 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹ, ಕ್ಯಾನ್ಸರ್, ಬೊಜ್ಜು, ಪಾರ್ಶ್ವವಾಯು, ರಕ್ತದೊತ್ತಡ ಎಲ್ಲ ಇವೆ. ವಾಟ್ಸ್‌ಆ್ಯಪ್ ಪೋಸ್ಟರ್ ಆದರೂ ಅದು ಜಾಹೀರಾತೇ. ಹೆಸರು, ಡಿಗ್ರಿ, ನೋಂದಣಿ ನಂಬರ್, ವೇಳೆ, ಇಷ್ಟು ಬರೆಸಿ.

ಔಷಧ_ಅಂಗಡಿ:
ಒಂದು ಸೇರಿಸುತ್ತೇನೆ. ನಿಮ್ಮ ಚೀಟಿಯಲ್ಲಿ ಪ್ಯಾಂಟೊಪ್ರಜೋಲ್ (ಅಸಿಡಿಟಿಯ ಅಲೋಪತಿ ಗುಳಿಗೆ) ಬರೆದು ಕಳಿಸಿದರೆ ನಾವು ಕೊಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಹೋಮಿಯೋಪಥಿ ಓದಿದವರು ಅಲೋಪತಿ ಔಷಧ ಕೊಟ್ಟದ್ದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ, ಪೂನಂ ವರ್ಮಾ ಪ್ರಕರಣದಲ್ಲಿ. ಹಾಗೆಯೇ ತ್ರಿಫಲಾ, ಅಶ್ವಗಂಧ ಕುಟ್ಟಿ ಡಬ್ಬಿಗೆ ನಿಮ್ಮ ಕ್ಲಿನಿಕ್ ಲೇಬಲ್ ಹಚ್ಚಿ ಔಷಧ ಎಂದು ಮಾರಲು ಹೋಗಬೇಡಿ, ಅದು ತಯಾರಿಕೆ ಆಗುತ್ತದೆ, ಆಯುರ್ವೇದ ಔಷಧ ತಯಾರಿಕೆಯ 25-ಡಿ ಲೈಸನ್ಸ್ ಕೇಳುತ್ತಾರೆ. ಲೈಸನ್ಸ್ ಇರುವ ಕಂಪನಿಯ ಡಬ್ಬಿಯಾದರೆ ಲೇಬಲ್ ಮೇಲೆ ಲೈಸನ್ಸ್ ನಂಬರ್, ಬ್ಯಾಚ್, ತಾರೀಖು ಮೂರೂ ನೋಡಿ ತೆಗೆದುಕೊಳ್ಳಿ.

ಮಣ್ಣುಪಟ್ಟಿ_ಹಾವೇರಿ:
ಕೆಪಿಎಂಇ ಐದು ವರ್ಷಕ್ಕ ಇರ್ತದ. ಮುಗಿಯೋ ತಾರೀಖು ಈಗ ಮೊಬೈಲಿನಾಗ ಹಾಕಿ ಇಡ್ರಿ. ಬಾಡಿಗಿ ಕರಾರು ಹನ್ನೊಂದ ತಿಂಗಳದ್ದು ಮಾಡಿಸಿದ್ರ ಪ್ರತಿ ಸಲ ಹೊಸಾದು ಫೈಲಿಗೆ ಸೇರಸ್ಕೋತ ಹೋಗ್ರಿ, ನವೀಕರಣಕ್ಕ ಹಳೇ ಕರಾರು ತಗೊಂಡು ಹೋದ್ರ ತಿರುಗಿ ಕಳಸ್ತಾರ.