ಎರಡು ಬಣ್ಣದ ಹೂವಿನ ಕೈಗವಸು: ಅಳತೆ ಹಿಡಿದೇ ಹೆಣೆದರೂ ಕೈ ತೂರುವುದಿಲ್ಲ ಏಕೆ?

ಪ್ರಶ್ನೆ (ಹಾಸನ): ನಮಸ್ಕಾರ ಮೇಡಂ. ನಾರ್ವೆಯ ಸೆಲ್ಬು ಕಡೆಯ ಎಂಟೆಸಳ ಹೂವಿನ ಗ್ಲೌಸ್ ಹೆಣೆಯುತ್ತಿದ್ದೇನೆ, ಬಿಳಿ ಮೇಲೆ ಕಪ್ಪು. ಹೆಬ್ಬೆರಳು ಬಿಟ್ಟು ಅಂಗೈ ಸುತ್ತಳತೆ 18 ಸೆಂ.ಮೀ. ಬರೀ ಬಿಳಿ ನೂಲಲ್ಲಿ ಸೀದಾ–ಉಲ್ಟಾ ಸಾಲಾಗಿ (ಮುಂಬದಿಗೆ ಸೀದಾ, ತಿರುಗಿಸಿ ಹಿಂಬದಿಗೆ ಉಲ್ಟಾ) ತುಂಡು ಹೆಣೆದು ನೋಡಿದಾಗ 10 ಸೆಂ.ಮೀ.ಗೆ 30 ಕುಣಿಕೆ ಬಂತು. ಅದಕ್ಕೆ 54 ಕುಣಿಕೆ ಹಾಕಿದೆ. ಹೂವು ಮುಗಿದ ಮೇಲೆ ಅಳೆದರೆ ಸುತ್ತಳತೆ 16 ಸೆಂ.ಮೀ. ಗೆಣ್ಣಿನ ಹತ್ತಿರ ಕೈ ಸಿಕ್ಕಿಕೊಳ್ಳುತ್ತದೆ. ಒದ್ದೆ ಮಾಡಿ ಎಳೆದರೆ ಸರಿಹೋಗುತ್ತದಾ, ಬಿಚ್ಚಲೇಬೇಕಾ?

ಉತ್ತರ: ಬಿಚ್ಚಲೇಬೇಕು ಅಕ್ಕಾ. ಒದ್ದೆ ಮಾಡಿ ಹರವಿದರೆ ಅರ್ಧ ಸೆಂ.ಮೀ. ಸಿಗಬಹುದು, ಎರಡು ಸೆಂ.ಮೀ. ಸಿಗದು. ಒಂದು ಬಣ್ಣ ಹೆಣೆಯುವಾಗ ಇನ್ನೊಂದು ಬಣ್ಣದ ನೂಲು ಹಿಂಬದಿಯಲ್ಲಿ ಹಾಯುತ್ತದಲ್ಲ, ಆ ಎಳೆಗೆ ಕುಣಿಕೆಯ ಹಾಗೆ ಹಿಗ್ಗುವ ಗುಣ ಇಲ್ಲ. ಅದು ಎಷ್ಟು ಉದ್ದ ಇದೆಯೋ ಬಟ್ಟೆ ಅಷ್ಟೇ ಅಗಲ.

ನಿಮ್ಮ ಲೆಕ್ಕ ಎಲ್ಲಿ ತಪ್ಪಿತು ನೋಡಿ. 54 ಕುಣಿಕೆ 16 ಸೆಂ.ಮೀ.ಗೆ ಬಂದಿದೆ ಅಂದರೆ 10 ಸೆಂ.ಮೀ.ಗೆ ಹತ್ತಿರಹತ್ತಿರ 34. ಕಡ್ಡಿ ಅದೇ, ನೂಲೂ ಅದೇ, ಕೈಯೂ ಅದೇ. ಆದರೂ ಎರಡು ಬಣ್ಣಕ್ಕೆ ಬಂದ ಕೂಡಲೇ ನಾಲ್ಕು ಕುಣಿಕೆ ಹೆಚ್ಚು ಕೂತವು. ಉಲ್ಟಾ ಸಾಲು ಎಷ್ಟೋ ಜನರ ಕೈಯಲ್ಲಿ ಸಡಿಲ, ಕೈಗವಸನ್ನು ತಿರುಗಿಸದೆ ಸುತ್ತಿನಲ್ಲಿ ಹೆಣೆಯುವಾಗ ಆ ಸಾಲೇ ಬರುವುದಿಲ್ಲ. ಅದು ಒಂದು ಕಾರಣ. ಹಿಂಬದಿ ಎಳೆ ಕುಣಿಕೆಗಳನ್ನು ಒಟ್ಟಿಗೆ ಎಳೆದು ಹಿಡಿಯುವುದು ಇನ್ನೊಂದು, ದೊಡ್ಡದು ಇದೇ. ಒಂದೇ ಬಣ್ಣದ ತುಂಡಿನ ಅಳತೆ ಹೂವಿನ ಕೈಗವಸಿಗೆ ಯಾವತ್ತೂ ಆಗಿಬರುವುದಿಲ್ಲ.

ಮಾದರಿ ತುಂಡು ಹೀಗೆ ಮಾಡಿ: ಎರಡೂ ತುದಿ ಚೂಪಾದ ಕಡ್ಡಿಯಲ್ಲಿ 44 ಕುಣಿಕೆ ಹಾಕಿ, ಹೂವಿನ ನಮೂನೆಯಲ್ಲೇ ಸೀದಾ ಹೆಣೆಯಿರಿ. ಸಾಲು ಮುಗಿದಾಗ ತಿರುಗಿಸಬೇಡಿ. ಕುಣಿಕೆಗಳನ್ನು ಕಡ್ಡಿಯ ಆ ತುದಿಗೆ ಜಾರಿಸಿ, ಎರಡೂ ನೂಲನ್ನು ಹಿಂದೆ ಸಡಿಲವಾಗಿ ತಂದು ಮತ್ತೆ ಸೀದಾ. 30 ಸಾಲು ಸಾಕು. ತೊಳೆದು, ಒಣಗಿಸಿ, ಆಮೇಲೆ ನಡುವಿನ 10 ಸೆಂ.ಮೀ. ಎಣಿಸಿ. ತೊಳೆಯದೆ ಎಣಿಸಿದರೆ ಮತ್ತೆ ಮೋಸ, ಉಣ್ಣೆ ನೀರು ಕಂಡ ಮೇಲೆ ಕೂರುವ ರೀತಿಯೇ ಬೇರೆ.

34 ಬಂತು ಅಂತಿಟ್ಟುಕೊಂಡರೆ 18 ಸೆಂ.ಮೀ.ಗೆ 61. ನೀವು 60 ಹಾಕಿ, 17.6 ಸೆಂ.ಮೀ. ಆಗುತ್ತದೆ. ಕೈಗವಸು ಕೈಗಿಂತ ಕೂದಲೆಳೆಯಷ್ಟು ಚಿಕ್ಕದಿದ್ದರೆ ಮೈಗೆ ಅಂಟಿ ಕೂರುತ್ತದೆ, ಒಂದು ಸೆಂ.ಮೀ.ಗಿಂತ ಹೆಚ್ಚು ಚಿಕ್ಕದಾದರೆ ಗೆಣ್ಣು ದಾಟದು. ಎಂಟೆಸಳ ಹೂವಿಗೆ ನಡುವೆ ಒಂದು ಕುಣಿಕೆ ಬೇಕು, ಅಂದರೆ ಬೆಸಸಂಖ್ಯೆ. ಆದ್ದರಿಂದ ಕೈ ಮೇಲ್ಭಾಗಕ್ಕೆ 31, ಅಂಗೈಗೆ 29. ಬೆರಳು ಬಿಡಿಸುವ ಹೊತ್ತಿಗೆ ಅಂಚಿನ ಒಂದನ್ನು ಅಂಗೈ ಕಡೆ ಸರಿಸಿ 30–30 ಮಾಡಿಕೊಳ್ಳಿ.

ಮಣಿಕಟ್ಟಿಗೆ 2 ಮಿ.ಮೀ. ಕಡ್ಡಿಯಲ್ಲಿ 56 ಕುಣಿಕೆ, ಎರಡು ಸೀದಾ ಎರಡು ಉಲ್ಟಾ, ಒಂದೇ ಬಣ್ಣದಲ್ಲಿ 6 ಸೆಂ.ಮೀ. ಈ ಮಣಿಕಟ್ಟಿನ ಪಟ್ಟಿಯನ್ನೂ (ರಿಬ್) ಎರಡು ಬಣ್ಣದಲ್ಲಿ ಹೆಣೆದರೆ ನೋಟಕ್ಕೆ ಚೆಂದ, ಆದರೆ ಅದು ಹಿಗ್ಗುವುದಿಲ್ಲ, ಮಣಿಕಟ್ಟನ್ನು ಹಿಡಿಯುವುದೂ ಇಲ್ಲ. ಬೆಳಗಿನ ಚಳಿಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಆಮೇಲೆ 2.25ರ ಕಡ್ಡಿಗೆ ಬದಲಾಯಿಸಿ, ನಾಲ್ಕು ಹೆಚ್ಚಿಸಿ 60.

ಅದೇ ಪ್ರಶ್ನೆಯವರು: ಹಿಂಬದಿ ಎಳೆ ಬಿಗಿಯಾಗದ ಹಾಗೆ ಹಿಡಿಯುವುದು ಹೇಗೆ? ಸಡಿಲ ಬಿಟ್ಟರೆ ಉಗುರು ಸಿಕ್ಕುತ್ತದೆ.

ಉತ್ತರ: ಬಣ್ಣ ಬದಲಿಸುವ ಮೊದಲು ಬಲಗಡ್ಡಿಯ ಮೇಲಿರುವ ಕುಣಿಕೆಗಳನ್ನು ಬೆರಳಿಂದ ಹರಡಿ, ಬಟ್ಟೆ ಎಷ್ಟು ಅಗಲ ಇರಬೇಕೋ ಅಷ್ಟು. ಆಮೇಲೆ ಹೊಸ ನೂಲು ತನ್ನಿ. ಎಳೆ ತಾನಾಗಿ ಸರಿಯಾದ ಉದ್ದಕ್ಕೆ ಬರುತ್ತದೆ. ಬಿಗಿ ಬೀಳುವುದು ಹೆಚ್ಚಾಗಿ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟುವ ಮೂಲೆಯಲ್ಲಿ. ಅಲ್ಲಿ ಕೈಗವಸನ್ನು ಒಳಮೈ ಹೊರಗೆ ಬರುವ ಹಾಗೆ ತಿರುಗಿಸಿಟ್ಟು, ಆಚೆ ಬದಿಯ ಕಡ್ಡಿಯಲ್ಲಿ ಹೆಣೆಯಿರಿ. ಎಳೆ ಆಗ ಮೂಲೆಯ ಹೊರಗಿಂದ ಸುತ್ತುವುದರಿಂದ ಒಂದಿಷ್ಟು ಉದ್ದವೇ ಬೀಳುತ್ತದೆ. ಬೆರಳಿನಂಥ ಸಣ್ಣ ಕೊಳವೆಗೆ ಇದು ತುಂಬ ಉಪಕಾರಿ.

ಅಂಗೈಯಲ್ಲಿ ಐದು ಕುಣಿಕೆ ದಾಟಿದರೆ, ಬೆರಳಲ್ಲಿ ಮೂರು ದಾಟಿದರೆ, ನಡುವೆ ಒಮ್ಮೆ ಎಳೆಯನ್ನು ಹೆಣೆಯುವ ನೂಲಿನ ಕೆಳಗೆ ಸಿಕ್ಕಿಸಿ. ಒಂದೇ ನೇರದಲ್ಲಿ ಮೇಲೆ ಮೇಲೆ ಸಿಕ್ಕಿಸಬೇಡಿ, ಬಿಳಿಯ ಮುಂದೆ ಕಪ್ಪು ಗೆರೆಯಾಗಿ ಇಣುಕುತ್ತದೆ.

ಇನ್ನೊಂದು ಮಾತು, ಇದನ್ನು ಹೇಳಿಕೊಡುವವರು ಕಡಿಮೆ. ಎರಡು ನೂಲಲ್ಲಿ ಯಾವುದು ಕೆಳಗಿಂದ ಬರುತ್ತದೋ ಅದರ ಕುಣಿಕೆ ತುಸು ದೊಡ್ಡದಾಗಿ, ಎದ್ದು ಕಾಣುತ್ತದೆ. ಹೂವಿನ ಬಣ್ಣ ಯಾವಾಗಲೂ ಕೆಳಗೇ ಇರಲಿ. ಎಡಗೈಯದಕ್ಕೆ ಕಪ್ಪು ಕೆಳಗೆ, ಬಲಗೈಯದಕ್ಕೆ ಕಪ್ಪು ಮೇಲೆ ಆದರೆ ಒಂದರ ಹೂವು ಅರಳಿದಂತೆ, ಇನ್ನೊಂದರದು ಬಾಡಿದಂತೆ ಕಾಣುತ್ತದೆ. ಹೆಣಿಗೆ ಕೆಳಗಿಟ್ಟು ಎದ್ದು ಹೋಗುವಾಗ ಯಾವ ನೂಲು ಎಲ್ಲಿತ್ತು ಅಂತ ಚೀಟಿ ಬರೆದಿಡಿ.

ಪ್ರಶ್ನೆ (ಮೂಡಿಗೆರೆ): ಮೇಡಂ, ನನ್ನದು ಎರಡೂ ಎಡಗೈಗೇ ಆಗಿದೆ. ಬೆರಳ ಸಂದಿಯಲ್ಲಿ ತೂತು ಬೇರೆ. 60 ಕುಣಿಕೆಯದೇ ಲೆಕ್ಕ ಹೇಳಿ.

ಉತ್ತರ: ಸುತ್ತು ಕೈ ಮೇಲ್ಭಾಗದಿಂದ ಶುರುವಾಗಿ ಅಂಗೈಯಲ್ಲಿ ಮುಗಿಯಲಿ. ಬಲಗೈಗೆ ಹೆಬ್ಬೆರಳು ಅಂಗೈಯ ಮೊದಲ ಎರಡು ಕುಣಿಕೆ ಆದ ಮೇಲೆ, ಎಡಗೈಗೆ ಅಂಗೈಯ ಕೊನೆಯ ಎರಡು ಕುಣಿಕೆಗೆ ಮುಂಚೆ. ಅಷ್ಟೇ ವ್ಯತ್ಯಾಸ.

ಆ ಜಾಗದಲ್ಲಿ ಒಂದು ಕುಣಿಕೆ ಹೊಸದಾಗಿ ಎತ್ತಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಅದರ ಎರಡೂ ಪಕ್ಕ ಒಂದೊಂದು ಹೆಚ್ಚಿಸಿ. ಹತ್ತು ಸಲ ಹೆಚ್ಚಿಸಿದರೆ 21. ಅವನ್ನು ಬೇರೆ ನೂಲಿಗೆ ಪೋಣಿಸಿಟ್ಟು 60ರಲ್ಲೇ ಮುಂದುವರಿಯಿರಿ. ಆಮೇಲೆ ಹೆಬ್ಬೆರಳಿಗೆ ಆ 21, ಸಂದಿಯಿಂದ 3 ಎತ್ತಿ 24. ಈ ತ್ರಿಕೋನ ಹಾಕದೆ ಬರೀ ಸೀಳು ಬಿಟ್ಟು ಹೆಬ್ಬೆರಳು ಹೆಣೆದರೆ, ಮುಷ್ಟಿ ಕಟ್ಟಿದಾಗ ಹೂವು ಪೂರ್ತಿ ಓರೆಯಾಗುತ್ತದೆ.

ಬೆರಳುಗಳನ್ನು ಕಿರುಬೆರಳಿಂದ ಶುರು ಮಾಡಿ. ಮೇಲೆ 7, ಕೆಳಗೆ 7, ಸಂದಿಗೆ ಹೊಸದಾಗಿ 4, ಒಟ್ಟು 18. ಕಿರುಬೆರಳು ಮುಗಿದ ಮೇಲೆ ಉಳಿದ 46ಕ್ಕೆ ಅದರ ಬುಡದಿಂದ 4 ಎತ್ತಿ, 50ರಲ್ಲಿ ಮೂರು ಸುತ್ತು ಹೆಣೆಯಿರಿ. ಕಿರುಬೆರಳು ಉಳಿದವುಗಳಿಗಿಂತ ಕೆಳಗಿನಿಂದ ಹೊರಡುತ್ತದೆ, ನಿಮ್ಮ ಕೈ ನೋಡಿಕೊಂಡರೇ ಗೊತ್ತಾಗುತ್ತದೆ. ಈ ಮೂರು ಸುತ್ತು ಬಿಟ್ಟರೆ ಅಲ್ಲಿ ಸದಾ ಎಳೆತ.

ಉಂಗುರದ ಬೆರಳಿಗೆ 14, ಎತ್ತಿದ 4, ಹೊಸ ಸಂದಿಗೆ 4. 22 ಆಗುತ್ತದೆ, ಮೊದಲ ಸುತ್ತಲ್ಲೇ ಎರಡು ಮೂಲೆಯಲ್ಲಿ ಕೂಡಿಸಿ 20. ನಡುಬೆರಳಿಗೆ 16 ಮತ್ತು ಎರಡೂ ಕಡೆಯ ಸಂದಿ 8, ಕೂಡಿಸಿ 22. ತೋರುಬೆರಳಿಗೆ 16, ಸಂದಿಯಿಂದ 4, ಮೂಲೆಗಳಿಂದ ಇನ್ನೆರಡು, 22. ಎಲ್ಲವೂ ಸಮಸಂಖ್ಯೆ, ಬೆರಳಿನ ಚುಕ್ಕಿ ನಮೂನೆ ಮುರಿಯದೆ ಸುತ್ತುತ್ತದೆ.

ನಿಮ್ಮ ತೂತಿಗೆ ಕಾರಣ, ಸಂದಿಯ ಕುಣಿಕೆ ಮಾತ್ರ ಎತ್ತಿ ಮೂಲೆ ಬಿಟ್ಟಿರುವುದು. ಮೂಲೆಯಲ್ಲಿ ಅಡ್ಡ ಹಾಯುವ ದಾರವನ್ನು ಎತ್ತಿ, ತಿರುಚಿ ಹೆಣೆದು, ಮುಂದಿನ ಸುತ್ತಲ್ಲಿ ಪಕ್ಕದ್ದರ ಜೊತೆ ಕೂಡಿಸಿ. ಈಗಾಗಲೇ ಆಗಿರುವ ತೂತನ್ನು ನೂಲಿನ ಬಾಲದಿಂದ ಒಳಗಿನಿಂದ ಎಂಟರ ಆಕಾರದಲ್ಲಿ ಹೊಲಿದು ಮುಚ್ಚಬಹುದು.

ಬೆರಳಿನ ಉದ್ದಕ್ಕೆ ಟೇಪು ಬೇಡ, ಹಾಕಿಕೊಂಡೇ ನೋಡಿ. ಉಗುರಿನ ಅರ್ಧ ಮುಚ್ಚಿದಾಗ ಸುತ್ತಿಗೆ ನಾಲ್ಕರಂತೆ ಮೂರು ಸುತ್ತು ಕಡಿಮೆ ಮಾಡಿ, ಉಳಿದವುಗಳೊಳಗೆ ನೂಲು ಪೋಣಿಸಿ ಎಳೆದು ಬಿಗಿಯಿರಿ.

ಪ್ರಶ್ನೆ (ಚಿಕ್ಕಮಗಳೂರು): ಇಲ್ಲಿ ಅಂಗಡಿಯಲ್ಲಿ ಸಿಗುವುದೆಲ್ಲ ಅಕ್ರಿಲಿಕ್. ಅದರಲ್ಲಿ ಆಗುತ್ತದಾ? ಕಂಬಳಿ ಉಣ್ಣೆಯಲ್ಲಿ ಹೆಣೆದರೆ? ಕೆಂಪು–ಬಿಳಿ ಹಾಕುವ ಆಸೆ.

ಉತ್ತರ: ಅಕ್ರಿಲಿಕ್‌ನಲ್ಲಿ ಆಗುತ್ತದೆ. ಆದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಹಿಡಿದುಕೊಳ್ಳುವ ಹಾಗೆ ಅದು ಹಿಡಿಯುವುದಿಲ್ಲ. ತೊಳೆದು ಹರವಿದರೂ ಏರುಪೇರು ಸಮವಾಗದು. ಕಡ್ಡಿಯ ಮೇಲೆ ಹೇಗೆ ಬಂತೋ ಹಾಗೇ ಇರುತ್ತದೆ, ಕೈ ಪಳಗಿದವರಿಗೆ ಸರಿ. ಇಸ್ತ್ರಿ ಮಾತ್ರ ತಾಗಿಸಬೇಡಿ, ಒಮ್ಮೆ ಬಿಸಿಗೆ ಜೋತುಬಿದ್ದರೆ ಮತ್ತೆ ಮೇಲೇಳದು. ಮೊದಲ ಜೊತೆಗಾದರೂ ತೆಳು ಉಣ್ಣೆ ನೂಲು ತರಿಸಿಕೊಳ್ಳಿ, 25 ಗ್ರಾಂಗೆ 100 ಮೀಟರ್ ಆಸುಪಾಸಿನದು. ತಲಾ 50 ಗ್ರಾಂ ಇದ್ದರೆ ಒಂದು ಜೊತೆಗೆ ಸಾಕು.

ನಮ್ಮ ಕಂಬಳಿ ಉಣ್ಣೆ ಹಾಸಿಗೆ, ಹೊದಿಕೆಗೆ ಬಹಳ ಒಳ್ಳೆಯದು. ಎಳೆ ದಪ್ಪ, ಒರಟು. ಬೆರಳ ಸಂದಿಗೆ ಚುಚ್ಚುತ್ತದೆ, 2.25ರ ಕಡ್ಡಿಗೆ ಬಗ್ಗುವುದೂ ಇಲ್ಲ.

ಕೆಂಪಿಗೆ ಮೊದಲು ಪರೀಕ್ಷೆ. ಒಂದು ಮೊಳ ಕೆಂಪು ನೂಲನ್ನು ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಇಡಿ. ಬಟ್ಟೆಗೆ ಬಣ್ಣ ತಾಗಿದರೆ ಆ ನೂಲು ಬಿಳಿಯ ಜೊತೆ ಬೇಡ. ತಾಗದಿದ್ದರೂ ಮುಗಿದ ಕೈಗವಸನ್ನು ತಣ್ಣೀರಲ್ಲೇ ತೊಳೆದು, ಹಿಂಡದೆ ಟವೆಲಿನಲ್ಲಿ ಸುತ್ತಿ ಅದುಮಿ, ಮಟ್ಟಸವಾಗಿ ಹರವಿ. ಮಳೆಗಾಲದಲ್ಲಿ ಬೇಗ ಒಣಗಲಿ ಅಂತ ಬೆರಳೊಳಗೆ ಪೇಪರ್ ತುರುಕುವವರಿದ್ದಾರೆ. ಬಿಳಿಗೆ ಶಾಯಿ ಹತ್ತುತ್ತದೆ, ಹಳೆ ಪಂಚೆಯ ತುಂಡು ತುರುಕಿ, ಒದ್ದೆಯಾದ ಹಾಗೆ ಬದಲಾಯಿಸುತ್ತಿರಿ.