ಮೂತ್ರಕೋಶದ ಲಿಂಫೋಮಾ: ಮಂಜು ಹಾಕಿದ ಫಾರ್ವರ್ಡ್

ಮಂಜು: [ಫಾರ್ವರ್ಡ್] ಮೂತ್ರಕೋಶದ ಲಿಂಫೋಮಾ (ಬಿಳಿ ರಕ್ತಕಣದ ಒಂದು ಕ್ಯಾನ್ಸರ್) ಬರೀ ಆಂಟಿಬಯಾಟಿಕ್‌ನಿಂದ ಕರಗುತ್ತದೆ. ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಮಾಡುವ ಪರೀಕ್ಷೆ) ಮಾಡಿಸಿದರೆ ಹರಡುತ್ತದೆ. ಎಲ್ಲರಿಗೂ ಕಳಿಸಿ.

ಸುಧಾ: ಮಂಜು, ಇದನ್ನು ಮೊದಲು ಅಳಿಸು.

ಮಂಜು: ಯಾಕಮ್ಮಾ? ಮಾತ್ರೆಯಿಂದ ಗಡ್ಡೆ ಕರಗಿದ ಕೇಸ್ ಜರ್ನಲ್‌ಗಳಲ್ಲೇ ಬಂದಿದೆ. ಅದೂ ಸುಳ್ಳಾ?

ಸುಧಾ: ಸುಳ್ಳಲ್ಲ, ಅರ್ಧ ನಿಜ. ಮಾಲ್ಟ್ ಅನ್ನುವ ನಿಧಾನದ ಬಗೆಯಲ್ಲಿ, ಅದೂ ಕೆಲವೇ ಜನರಲ್ಲಿ ಹಾಗಾಗಿದೆ. ಮಾಲ್ಟ್ ಒಂದೇ ಕಡೆ ಇದ್ದರೆ ಸಾಮಾನ್ಯವಾಗಿ ರೇಡಿಯೇಷನ್ ಕೊಡುತ್ತಾರೆ. ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಅನ್ನುವ ಇನ್ನೊಂದು ಬಗೆ ಆದರೆ ಅದು ಬೇಗ ಬೆಳೆಯುತ್ತದೆ, ರಿಟುಕ್ಸಿಮ್ಯಾಬ್ ಅನ್ನುವ ಔಷಧಿಯ ಜೊತೆ ಕೀಮೋ ಬೇಕು. ಯಾವ ಬಗೆ ಅಂತ ಬಯಾಪ್ಸಿ ಇಲ್ಲದೆ ಯಾರು ಹೇಳುತ್ತಾರೆ? ಹರಡುತ್ತದೆ ಅನ್ನುವುದಕ್ಕಂತೂ ಆಧಾರವೇ ಇಲ್ಲ.

ಮಂಜು: ಲ್ಯಾಬ್‌ನವಳು ನೀನು, ಟೆಸ್ಟ್ ಬೇಡ ಅಂತ ಎಲ್ಲಿ ಹೇಳ್ತೀಯಾ!

ರವಿ: 😂 ಮೂತ್ರಕೋಶದ ಗಡ್ಡೆಗಳಲ್ಲಿ ಇದು 100ಕ್ಕೆ 1ಕ್ಕಿಂತ ಕಡಿಮೆಯಂತೆ. ಅದಕ್ಕೆ ಇಷ್ಟು ಜಗಳವಾ?

ಗೀತಾ: ನಗಬೇಡಿ. ನಮ್ಮ ಅತ್ತೆಗೆ ಮೂತ್ರದಲ್ಲಿ ರಕ್ತ ಹೋಗ್ತಿದೆ. ಸೈಟಾಲಜಿ (ಮೂತ್ರದಲ್ಲಿ ಕ್ಯಾನ್ಸರ್ ಕಣ ಹುಡುಕುವ ಪರೀಕ್ಷೆ) ನಾರ್ಮಲ್ ಬಂತು. ಅಷ್ಟು ಸಾಕಲ್ವಾ ಸುಧಾ?

ಸುಧಾ: ಸಾಕಾಗಲ್ಲ ಗೀತಾ. ಅವರಿಗೆ ಏನೂ ಇಲ್ಲದೆ ಇರಬಹುದು, ಬರೀ ಸೋಂಕೂ ಇರಬಹುದು. ಆದರೆ ರಕ್ತ ಹೋಗುತ್ತಿದ್ದರೆ ಯೂರಾಲಜಿಸ್ಟ್ ನೋಡಲೇಬೇಕು. ಅವರು ಹೇಳಿದರೆ ಸಿಸ್ಟೋಸ್ಕೋಪಿ, ಅಂದರೆ ಕ್ಯಾಮೆರಾ ಕೊಳವೆಯಿಂದ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ, ಮಾಡಿಸಿ.

ಲಿಂಫೋಮಾದ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ಅದು ಒಳಪದರದ ಅಡಿಯಲ್ಲಿ ಬೆಳೆಯುತ್ತದೆ. ಮೇಲಿನ ಪದರ ಎಷ್ಟೋ ಸಲ ನುಣುಪಾಗಿ, ಸರಿಯಾಗೇ ಕಾಣುತ್ತದೆ. ಹಾಗಾಗಿ ಮೂತ್ರಕ್ಕೆ ಕ್ಯಾನ್ಸರ್ ಕಣ ಉದುರದೆ ಇರಬಹುದು. ಮೇಲ್ಮೇಲೆ ಚಿವುಟಿದ ತುಣುಕಿನಲ್ಲೂ ಸಿಗದೆ ಹೋಗಬಹುದು. ಆಳದಿಂದ ತೆಗೆಯಬೇಕು. ತೆಗೆಯುವಾಗ ಕಣಗಳು ನಜ್ಜುಗುಜ್ಜಾದರೆ ಸ್ಮಾಲ್ ಸೆಲ್ ಕಾರ್ಸಿನೋಮಾ ಅನ್ನುವ ಬೇರೆ ಕ್ಯಾನ್ಸರ್ ಥರವೇ ಕಾಣಬಹುದು, ನಮಗೇ ತಲೆಬಿಸಿ. ಆಗ ಇಮ್ಯುನೋ ಸ್ಟೇನ್, ಅಂದರೆ ಕಣದ ಗುರುತು ಹಿಡಿಯುವ ಬಣ್ಣ, ಹಾಕುತ್ತೇವೆ. ಸಿಡಿ20 (ಬಿ-ಸೆಲ್ ಅನ್ನುವ ಬಿಳಿ ರಕ್ತಕಣದ ಗುರುತು) ಸ್ಟೇನ್ ಹಿಡಿದು, ಸೈಟೋಕೆರಾಟಿನ್ (ಕಾರ್ಸಿನೋಮಾದ ಗುರುತು) ಹಿಡಿಯದಿದ್ದರೆ ಬಿ-ಸೆಲ್ ಲಿಂಫೋಮಾ ಕಡೆಗೆ ಬೊಟ್ಟು ಮಾಡುತ್ತದೆ.

ರವಿ, ಜಗಳ ಯಾಕೆ ಗೊತ್ತಾ? ಮೂತ್ರಕೋಶದ ಮಾಮೂಲಿ ಕ್ಯಾನ್ಸರ್ ಸ್ನಾಯುವಿಗೆ ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕಾಗಬಹುದು. ಲಿಂಫೋಮಾಗೆ ಸಾಮಾನ್ಯವಾಗಿ ಅದು ಬೇಕಿಲ್ಲ.

ಗೀತಾ: ಲಿಂಫೋಮಾ ಅಂತ ಬಂದ ಮೇಲೆ?

ಸುಧಾ: ಪೆಟ್ ಸ್ಕ್ಯಾನ್ (ಮೈಯಲ್ಲಿ ಬೇರೆಲ್ಲಿ ಕ್ಯಾನ್ಸರ್ ಇದೆ ಅಂತ ಹುಡುಕುವ ಸ್ಕ್ಯಾನ್), ಬೇಕಿದ್ದರೆ ಮೂಳೆಮಜ್ಜೆ ಪರೀಕ್ಷೆ. ಅಲ್ಲೇ ಹುಟ್ಟಿದ್ದಾ, ಬೇರೆ ಕಡೆಯಿಂದ ಬಂದಿದ್ದಾ ನೋಡಬೇಕು. ಮುಂದಿನದು ರಕ್ತದ ಕ್ಯಾನ್ಸರ್ ನೋಡುವ ಡಾಕ್ಟರ ಕೆಲಸ.

ಮಂಜು: ಸರಿ, ಬಯಾಪ್ಸಿ ಸಾಲು ತೆಗೀತೀನಿ. ಆಂಟಿಬಯಾಟಿಕ್ ಸಾಲು ಇರಲಿ, ನಿಜ ತಾನೇ?

ಸುಧಾ: ಇರಲಿ. ಅದರ ಕೊನೆಗೆ ಇದನ್ನು ಸೇರಿಸು: "ಬಯಾಪ್ಸಿಯಲ್ಲಿ ಮಾಲ್ಟ್ ಅಂತ ಬಂದ ಕೆಲವರಿಗೆ ಮಾತ್ರ, ಅದೂ ಡಾಕ್ಟರ್ ಹೇಳಿದರೆ."

ಮಂಜು: ಹಾಗೆ ಬರೆದರೆ ಯಾರು ಫಾರ್ವರ್ಡ್ ಮಾಡ್ತಾರೆ ಮಾರಾಯ್ತಿ!